ಅಪ್ಪನ ಎಲೆಗೊಂದು ಮನೆ

ನಮ್ಮ ಕಡೆ ಬಾಡಿಗೆ ಮನೆಗೆ ಬಿಡಾರ ಅನ್ನುತ್ತಾರೆ. ಅಪ್ಪ ತೀರಿಕೊಂಡದ್ದು ಪುಂಜಾಲಕಟ್ಟೆಯ ಬಿಡಾರದಲ್ಲಿ. ಆಟಿ ತಿಂಗಳಲ್ಲಿ, ಅಂದರೆ ಆಷಾಢದ ಜೋರು ಮಳೆಯ ಹೊತ್ತಿಗೆ, ಸತ್ತವರನ್ನು ಮನೆಗೆ ಕರೆದು, ಎಲೆ ಹಾಕಿ ಬಡಿಸಿ, ಬಾಗಿಲು ಮುಚ್ಚಿ, ಅವರು ಉಂಡು ಮುಗಿಸುವವರೆಗೆ ಹೊರಗೆ ಕೂರುವುದು ನಮ್ಮ ಕ್ರಮ. ಆ ವರ್ಷ ಅಮ್ಮ ಕೋಳಿ ಸಾರು, ರೊಟ್ಟಿ ಬಡಿಸಿ, ತಾನೇ ಕಟ್ಟಿದ ಬೀಡಿಯನ್ನೂ ಎಲೆಯ ಬದಿಗಿಟ್ಟು ಬಾಗಿಲು ಮುಚ್ಚಿದ್ದಳಷ್ಟೇ, ಬಿಡಾರದ ಧನಿಗಳು ಅಂಗಳಕ್ಕೆ ಬಂದರು.

"ಎಂತ ಇದು? ನಿಮ್ಮ ಸತ್ತವರನ್ನು ನನ್ನ ಮನೆಗೆ ಕರೆಯುವುದಾ? ನಾಳೆ ನೀವು ಹೋಗ್ತೀರಿ, ಅವರು ಇಲ್ಲೇ ಕೂತರೆ?"

ಬಾಗಿಲು ದೂಡಿ ಎಲೆ ಎತ್ತಿಸಿದರು. ಆ ವಾರವೇ ನಮ್ಮನ್ನು ಖಾಲಿ ಮಾಡಿಸಿದರು. ಗಡಿಬಿಡಿಯಲ್ಲಿ ಅಮ್ಮ ಪಾತ್ರೆ ಪಗಡಿ ಎಲ್ಲ ಹೊತ್ತಳು. ಮನೆ ಬಿಡುವಾಗ ಸತ್ತವರನ್ನೂ ಜೊತೆಗೆ ಕರೆಯಬೇಕು; ಹೊಸಿಲಲ್ಲಿ ನಿಂತು "ಬನ್ನಿ, ಹೋಗುವ" ಎಂದು ಅಪ್ಪನನ್ನು ಕರೆಯಲು ಮರೆತಳು. ಮುಂಡಾಜೆಯ ಹೊಸ ಬಿಡಾರದಲ್ಲಿ ಒಲೆ ಹಚ್ಚುವಾಗ ನೆನಪಾಯಿತು.

"ಅಯ್ಯೋ ದೇವರೇ, ಅವರನ್ನು ಅಲ್ಲೇ ಬಿಟ್ಟು ಬಂದೆನಲ್ಲ ಮಗಾ!"

ಹೋಗಿ ಕರೆಯುವ ಎಂದರೆ, ಕರೆದು ಎಲ್ಲಿಗೆ ತರುವುದು? ಮುಂಡಾಜೆಯ ಧನಿಗಳೂ ಒಪ್ಪಲಿಲ್ಲ, ಆಮೇಲೆ ಮೂಡಬಿದಿರೆಯವರೂ ಒಪ್ಪಲಿಲ್ಲ. ಅವರ ಮನೆ, ಅವರ ಹೆದರಿಕೆ, ಏನು ಹೇಳುವುದು! ಆಟಿ ಬಂದರೆ ಅಮ್ಮ ಅನ್ನದ ಮುಂದೆ ಸುಮ್ಮನೆ ಕೂತುಬಿಡುತ್ತಿದ್ದಳು. "ಹಸಿದಿದ್ದಾರೆ" ಅನ್ನುವಳು. ಬಸ್ಸು ಪುಂಜಾಲಕಟ್ಟೆ ದಾಟುವಾಗ ನಾನು ಆ ಕಡೆ ನೋಡುತ್ತಿರಲಿಲ್ಲ, ಅಪ್ಪ ಬಸ್ಸಿಗೆ ಕೈ ತೋರಿಸಿಬಿಟ್ಟರೆ ಎಂಬ ಭಯ. ಕೊನೆಗೆ ರಸ್ತೆ ಅಗಲ ಮಾಡಿದರು, ಬಿಡಾರವೇ ಇಲ್ಲವಾಯಿತು. ಈ ಮಳೆಗೆ ಅಪ್ಪ ಎಲ್ಲಿ ನಿಂತಿರಬಹುದು ಎಂದು ಯೋಚಿಸಿದರೆ ನಿದ್ದೆ ಬರುತ್ತಿರಲಿಲ್ಲ.

ನಮ್ಮ ಪಂಚಾಯತಿನ ಗ್ರಾಮಸಭೆಯಲ್ಲಿ ಮನೆಯಿಲ್ಲದವರ ಮಾತು ಬಂತು. ನಾಲ್ಕಾರು ಬಿಡಾರಗಳನ್ನು ಬಾಡಿಗೆಗೆ ಬಿಟ್ಟಿದ್ದ ಒಬ್ಬರು ಎದ್ದರು.

"ಬೇಕಾದಷ್ಟು ಬಿಡಾರ ಉಂಟಲ್ಲ ಮಾರಾಯ್ರೆ, ಸರಕಾರ ಯಾಕೆ ಮನೆ ಕಟ್ಟಿ ಕೊಡುವುದು?"

ನನಗೆ ಪಿತ್ತ ನೆತ್ತಿಗೇರಿತು.

"ಉಂಟು ಅಣ್ಣ. ಆಟಿಯಲ್ಲಿ ನನ್ನ ಅಪ್ಪನಿಗೆ ಒಂದು ಎಲೆ ಹಾಕಲಿಕ್ಕೆ ನಿಮ್ಮ ಬಿಡಾರದಲ್ಲಿ ಬಿಡ್ತೀರಾ? ಬೆಂಕಿಪೆಟ್ಟಿಗೆ ತೆಗೊಂಡರೂ ತೆರಿಗೆ ಕೊಡುವವರು ನಾವು. ಆ ದುಡ್ಡಲ್ಲಿ ರಸ್ತೆ ಅಗಲ ಆಗ್ತದೆ, ನಮಗೆ ಮಾತ್ರ ಜಾಗ ಇಲ್ಲ ಅಂದರೆ ಯಾವ ನ್ಯಾಯ?"

ಅವರು ಕೂತರು. ಸತ್ತವರ ಸುದ್ದಿ ಎತ್ತಿದರೆ ನಮ್ಮಲ್ಲಿ ಯಾರೂ ವಾದ ಬೆಳೆಸುವುದಿಲ್ಲ.

ನನ್ನ ಮಾತಿನಿಂದಲೇ ಮನೆ ಬಂತು ಎಂಬ ಭ್ರಮೆ ನನಗಿಲ್ಲ. ಕಾದು ಕಾದು ಸಾಕಾದ ಮೇಲೆ ಗುಡ್ಡೆಯಲ್ಲಿ ಸರಕಾರದ ಸಾಲುಮನೆಗಳು ಎದ್ದವು, ಒಂದು ನಮ್ಮದಾಯಿತು. ಮೊದಲ ಆಟಿಗೇ ಅಮ್ಮ ನನ್ನನ್ನು ಕರೆದುಕೊಂಡು ಪುಂಜಾಲಕಟ್ಟೆಗೆ ಹೊರಟಳು. ಬಿಡಾರ ಇದ್ದಿರಬಹುದಾದ ಕಡೆ, ಡಾಮರಿನ ಅಂಚಿನಲ್ಲಿ ನಿಂತು, ಲಾರಿಗಳ ಸದ್ದಿನ ಮಧ್ಯೆ ಕರೆದಳು.

"ಬನ್ನಿ, ಹೋಗುವ. ಮನೆ ಆಗಿದೆ. ನಮ್ಮದೇ."

ವಾಪಸು ಬರುವಾಗ ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. ಆದರೂ ಅಮ್ಮ ಪಕ್ಕದ ಸೀಟಿನಲ್ಲಿ ನನ್ನನ್ನು ಕೂರಗೊಡಲಿಲ್ಲ.

"ಸ್ವಲ್ಪ ಆಚೆ ಸರೀರಿ ಅಮ್ಮ" ಎಂದ ಕಂಡಕ್ಟರ್.

"ಇಲ್ಲಿ ಜನ ಉಂಟು" ಎಂದಳು. ನಾನು ನಿಂತೇ ಬಂದೆ.

ಸಂಜೆ ಎಲೆ ಹಾಕಿ, ಬಡಿಸಿ, ಬಾಗಿಲು ಮುಚ್ಚಿ ಮೆಟ್ಟಿಲಲ್ಲಿ ಕೂತೆವು. ಮಳೆಯ ಇರಚಲು ಹೊಡೆಯುತ್ತಿತ್ತು. ನೋಡಿದರೆ ಪಕ್ಕದ ಮನೆಯವರೂ ಹೊರಗೆ, ಅವರ ಆಚೆಯವರೂ ಹೊರಗೆ. ಬಿಡಾರದಿಂದ ಬಿಡಾರಕ್ಕೆ ಅಲೆದವರೆಲ್ಲ ಮುಚ್ಚಿದ ಬಾಗಿಲುಗಳ ಮುಂದೆ ಕೂತಿದ್ದರು. ಒಳಗೆ ಅವರವರ ಸತ್ತವರು ಉಣ್ಣುತ್ತಿದ್ದರು.

ಕತ್ತಲಾದರೂ ಅಮ್ಮ ಏಳಲಿಲ್ಲ.

"ಸಾಕಲ್ಲ ಅಮ್ಮಾ, ಬಾಗಿಲು ತೆಗೆಯುವ" ಎಂದೆ.

"ಅವಸರ ಮಾಡಬೇಡ. ನಿಧಾನ ಉಣ್ಣಲಿ. ಇಲ್ಲಿ ಅವರನ್ನು ಏಳಿಸುವವರು ಯಾರೂ ಇಲ್ಲ."