ನಿದ್ದೆ ಕಾಯುವ ಮರಿಯಕ್ಕ

ಬೆಳಗಿನ ಆರು ಗಂಟೆ. ಅನಾಥ ನಾಯಿಮರಿಗಳ ಆಶ್ರಯಕೇಂದ್ರದ ಹಿಂದಿನ ಕೋಣೆಯಲ್ಲಿ ಎಲ್ಲರ ಬಾಯಲ್ಲೂ 'ಮರಿಯಕ್ಕ' ಆಗಿರುವ ಆಯಾ ಚಪ್ಪಲಿ ಕಳಚಿಟ್ಟು ತುದಿಗಾಲಲ್ಲಿ ನಡೆಯುತ್ತಿದ್ದಾರೆ. ಉಂಡು, ಉಚ್ಚೆ ಹೊಯ್ದು, ಒಂದು ಹರಕು ಟವೆಲಿಗಾಗಿ ಕಿತ್ತಾಡಿ ಮುಗಿಸಿದ ಒಂಬತ್ತು ಮರಿಗಳು ಒಂದರ ಮೇಲೊಂದು ಬಿದ್ದು ನಿದ್ದೆಹೋಗಿವೆ. ಅವರ ಕೆಲಸ ನೋಡಲೆಂದು ಬಂದಿರುವ ನಾನು ಕೆಮ್ಮುತ್ತೇನೆ. ಆಕೆ ಕಣ್ಣಲ್ಲೇ ಗದರುತ್ತಾರೆ.

"ದಿನಕ್ಕೆ ಹದಿನೆಂಟು ಗಂಟೆ ಮಲಗ್ಬೇಕು ಇವು," ಎಂದು ಹೊರಗೆ ಬಂದು ಪಿಸುಗುಡುತ್ತಾರೆ. ಹದಿನೆಂಟು! ನಾನು ಬೆಚ್ಚಿಬೀಳುತ್ತೇನೆ. ನಮ್ಮ ಮನೆಯಲ್ಲೂ ಒಂದು ಮರಿಯಿದೆ; ಬರುವವರೆಲ್ಲ ಅದನ್ನು ಎಬ್ಬಿಸಿ ಮುದ್ದಾಡುವವರೇ. "ಒಂದು ಗಂಟೆ ಎಚ್ಚರ, ಎರಡು ಗಂಟೆ ನಿದ್ದೆ. ಎದ್ದ ಕೂಡ್ಲೇ ಹೊರಗೆ, ಆಮೇಲೆ ಊಟ, ಆಟ, ಮತ್ತೆ ನಿದ್ದೆ. ಅಷ್ಟೇ ನನ್ನ ವಿದ್ಯೆ."

ಹನ್ನೊಂದು ವರ್ಷದಿಂದ ಇದೇ ಕೆಲಸ. "ನಾಯಿ ಮಲಗಿಸೋಕೂ ಸಂಬಳ ಕೊಡ್ತಾರಾ?" ಎಂದು ಅವರ ಭಾವ ಇಂದಿಗೂ ಕಾಲೆಳೆಯುತ್ತಾರಂತೆ.

ಅಷ್ಟರಲ್ಲಿ ಅಪ್ಪ-ಮಗಳು ಬುಟ್ಟಿ ಹಿಡಿದು ಬರುತ್ತಾರೆ. ಒಳಗೆ ಇಲ್ಲಿಂದಲೇ ಸಾಕಲು ಒಯ್ದಿದ್ದ ಎರಡು ತಿಂಗಳ ಮರಿ. ಹುಡುಗಿಯ ಕೈಗೆ ಬ್ಯಾಂಡೇಜು. "ಹುಚ್ಚು ಹಿಡಿದಿದೆ. ಸೂಜಿ ಹಾಕಿಸಿ ಮುಗಿಸ್ಬಿಡಿ," ಎನ್ನುತ್ತಾರೆ ಅಪ್ಪ. ಮರಿಯಕ್ಕ ಬುಟ್ಟಿಯೊಳಗೆ ಇಣುಕುತ್ತಾರೆ.

"ಹಗಲಲ್ಲಿ ಎಷ್ಟೊತ್ತು ಮಲಗುತ್ತೆ?"

"ಮಲಗೋಕೆ ಎಲ್ಲಿ ಬಿಡ್ತೀವಿ? ರಾತ್ರಿ ಕಾಟ ಕೊಡುತ್ತೆ ಅಂತ ಸರದಿ ಮೇಲೆ ಎಬ್ಬಿಸ್ತೀವಿ."

ಮರಿಯಕ್ಕ ಹಣೆ ಚಚ್ಚಿಕೊಳ್ಳುತ್ತಾರೆ. "ಅಯ್ಯೋ! ಹಸುಗೂಸನ್ನ ಹೀಗೆ ಕಾಡ್ತಾರಾ ಯಾರಾದ್ರೂ? ಹುಚ್ಚಲ್ಲ ಇದು, ನಿದ್ದೆಗೇಡು!" ಬುಟ್ಟಿಯನ್ನು ಮೂಲೆಗಿಟ್ಟು ಹಳೇ ಬೆಡ್‌ಶೀಟು ಮುಚ್ಚುತ್ತಾರೆ. ಎರಡೇ ನಿಮಿಷ, ಒಳಗಿನಿಂದ ಗೊರಕೆ. ಮೂರು ಗಂಟೆ ಕಳೆದು ಎದ್ದ ಮರಿ ಹುಡುಗಿಯ ಬ್ಯಾಂಡೇಜನ್ನು ನೆಕ್ಕುತ್ತದೆ. ಅಪ್ಪ ತಲೆ ತಗ್ಗಿಸಿ ಬುಟ್ಟಿ ಎತ್ತಿಕೊಂಡು ಮನೆಗೆ ಹೊರಡುತ್ತಾರೆ.

ಇದನ್ನೆಲ್ಲ ಯಾರು ಕಲಿಸಿದರೆಂದು ಕೇಳಿದಾಗ ಮರಿಯಕ್ಕ ಆ ಹಳೇ ಬೆಡ್‌ಶೀಟು ಮಡಚತೊಡಗುತ್ತಾರೆ.

"ಕೆಲಸಕ್ಕೆ ಸೇರಿದ ಹೊಸದು. ಒಂದು ಮರಿ ಅಂದ್ರೆ ಪ್ರಾಣ ನಂಗೆ. ದಿನಾ ಪೂರ್ತಿ ಆಡಿಸ್ತಿದ್ದೆ, ಕಣ್ಣು ಮುಚ್ಚೋಕೂ ಬಿಡ್ತಿರ್ಲಿಲ್ಲ. ಕಚ್ಚೋಕೆ ಶುರು ಮಾಡ್ತು. ಹುಚ್ಚು ಅಂದ್ರು, ಸೂಜಿ ಹಾಕಿದ್ರು. ಅಲ್ಲಾಡ್ದ ಹಾಗೆ ಹಿಡ್ಕೊಂಡಿದ್ದೋಳು ನಾನೇ."

ಆಕೆ ಸೆರಗಿನಿಂದ ಮುಖ ಒರೆಸಿಕೊಂಡು ಹೇಳುತ್ತಾರೆ:

"ಆಮೇಲೆ ಕಚ್ಚುತ್ತೆ ಅಂತ ವಾಪಸ್ ಬಂದಿದ್ದು, ಇವತ್ತಿಂದೂ ಸೇರಿ ಮೂವತ್ತೆಂಟು. ಒಂದನ್ನೂ ಸೂಜಿಗೆ ಕೊಟ್ಟಿಲ್ಲ, ಸಾರ್."