ಅಡ್ಡಿಕೆಯ ಕೆಳಗಿನ ಗಂಟು

ಸಾವಿತ್ರಿ, ನಿನ್ನ ಕತ್ತಿನ ಕಪ್ಪು ಕಲೆ ಸುಟ್ಟ ಗಾಯವೆಂದು ನಿನ್ನ ಅತ್ತೆಗೆ ಸುಳ್ಳು ಹೇಳಿದವಳು ನಿನ್ನ ಅಕ್ಕ, ನಾನು. ಅದು ನಿನಗೆ ಗೊತ್ತು. ಗೊತ್ತಿಲ್ಲದ್ದು ಇನ್ನೊಂದಿದೆ — ನಿನಗೂ ನಾನು ಸುಳ್ಳನ್ನೇ ಹೇಳಿದ್ದೆ. ಓದು ಬಾರದ ನಿನಗೆ ಈ ಕಾಗದವನ್ನು ನಿನ್ನ ಗಂಡ ಶಿವಣ್ಣನವರೇ ಓದಿ ಹೇಳಬೇಕು. ಬೇಕೆಂದೇ ಬರೆಯುತ್ತಿದ್ದೇನೆ, ಇಬ್ಬರಿಗೂ ಒಟ್ಟಿಗೇ ತಿಳಿಯಲಿ.

ಆಗಿನ್ನೂ ಆಣೆಗಳ ಕಾಲ, ನಯಾಪೈಸೆ ಬಂದಿರಲಿಲ್ಲ. ನಿನಗೆ ಹದಿನಾರು ವರ್ಷ. ಅವ್ವ ಇಲ್ಲದ ನಿನ್ನನ್ನು ಬೆಂಗಳೂರಿಗೆ ಕರೆದೊಯ್ದು ಕತ್ತಿನ ಗಂಟಿಗೆ ಕಿರಣದ ಕರೆಂಟು ಕೊಡಿಸಿದೆನಲ್ಲ — ಅದು ನಾನು ಹೇಳಿದ ಹಾಗೆ ಗಂಡಮಾಲೆಯಲ್ಲ. ಲಿಂಫ್ ಗ್ರಂಥಿಯ ಕ್ಯಾನ್ಸರು. ಗಂಟು ಕರಗಿತು, ಕಪ್ಪು ಉಳಿಯಿತು. “ಎಷ್ಟು ವರ್ಷದ ಮೇಲಾದರೂ ತಿರುಗಿ ಬರಬಹುದಮ್ಮ, ವರ್ಷಕ್ಕೊಮ್ಮೆ ತಪ್ಪದೆ ತೋರಿಸಿ” ಎಂದು ಡಾಕ್ಟರು ಚೀಟಿ ಬರೆದುಕೊಟ್ಟರು. ನಾನು ಅದನ್ನು ಟ್ರಂಕಿನ ತಳಕ್ಕೆ ಹಾಕಿದೆ.

ಅದೇ ವರ್ಷ ಹಳ್ಳಿಮೈಸೂರಿನಿಂದ ಹೆಣ್ಣು ನೋಡಲು ಬಂದ ನಿನ್ನ ಅತ್ತೆ, “ಕತ್ತಲ್ಲೇನವ್ವ ಅದು ಕರ್ರಗೆ?” ಅಂದರು. “ಹಂಡೆ ನೀರು ಬಿದ್ದು ಸುಟ್ಟೋಯ್ತು ಕಣವ್ವ” ಅಂದೆ. ನಾಲಿಗೆ ತಡವರಿಸಲೂ ಇಲ್ಲ. ಧಾರೆಯ ದಿನ, ಕತ್ತಿಗೆ ಅಂಟಿಕೊಂಡು ಕೂರುವ ನನ್ನ ಅಡ್ಡಿಕೆಯನ್ನು ಕಲೆಯ ಮೇಲೆ ಕಟ್ಟಿ, “ತವರಿನ ಒಡವೆ, ಯಾವತ್ತೂ ಬಿಚ್ಬ್ಯಾಡ” ಅಂದೆ. ನೀನೋ, ಪೆದ್ದಿ, ಹದಿಮೂರು ವರ್ಷ ಸ್ನಾನಕ್ಕೂ ಬಿಚ್ಚಲಿಲ್ಲ! ಪ್ರತಿ ಗೌರಿಹಬ್ಬಕ್ಕೆ ನೀನು ಬಂದಾಗಲೂ ಆ ಚೀಟಿಯ ಮಾತು ಬಾಯಿಗೆ ಬರುತ್ತಿತ್ತು. ಆಸ್ಪತ್ರೆಯಲ್ಲಿ ಯಾರಾದರೂ ಕಂಡುಬಿಟ್ಟರೆ ನಿನ್ನ ಸಂಸಾರ — ಬೇಡ, ಆ ಸಬೂಬು ಬೇಡ.

ಈ ಸಲ ಹೊಳೆನರಸೀಪುರದ ನನ್ನ ಮನೆಗೆ ಬಂದವಳು ನೀನು ನಗುತ್ತ, “ಅಡ್ಡಿಕೆ ಬಿಗಿಯಾಗೈತೆ ಕಣಕ್ಕ, ದಪ್ಪ ಆಗ್ಬುಟ್ಟಿವ್ನಿ” ಅಂದೆ. ಆದರೆ ನಿನ್ನ ಬಳೆಗಳು ಮೊಣಕೈವರೆಗೂ ಜಾರುತ್ತಿದ್ದವು. ಅಡ್ಡಿಕೆ ಬಿಚ್ಚಿ ಬೆರಳಿಟ್ಟು ನೋಡಿದೆ. ಅದೇ ಜಾಗದಲ್ಲಿ ಗಂಟು. ಕಲೆ ಮುಚ್ಚಲೆಂದು ನಾನು ಕೊಟ್ಟಿದ್ದು ಇದನ್ನೂ ಮುಚ್ಚಿಟ್ಟಿತ್ತಲ್ಲ, ದೇವರೇ! ಮಾರನೇ ದಿನವೇ ನಿನ್ನನ್ನು ಹಾಸನದ ಆಸ್ಪತ್ರೆಗೆ ಕರೆದೊಯ್ದೆ.

ಅಲ್ಲಿ ಡಾಕ್ಟರಿಗೆ ಹಳೇ ಚೀಟಿ ಕೊಟ್ಟಾಗ, “ಅದ್ರಲ್ಲೇನ್ ಬರ್ದವ್ರೆ ಅಕ್ಕ?” ಅಂತ ನೀನು ಕೇಳಿದೆ. “ಏನೂ ಇಲ್ಲ, ಸುಮ್ನಿರು” ಅಂದೆ. ಮತ್ತೆ ಸುಳ್ಳು. ನಿನ್ನನ್ನು ಹೊರಗೆ ಕೂರಿಸಿ ಅವರು ಹೇಳಿದ್ದು ಇಷ್ಟು: ಹಳೇ ರೋಗವೇ ಮರುಕಳಿಸಿದೆ; ಆದರೆ ಒಂದೇ ಕಡೆ ಇದೆ, ಸಣ್ಣದಿದೆ. “ಹದಿಮೂರು ವರ್ಷ ಸುಮ್ಮನಿದ್ದ ರೋಗ, ಈಗಲೂ ಮಾತು ಕೇಳೀತು. ಬೆಂಗಳೂರಿಗೇ ಕರೆದೊಯ್ಯಿರಿ, ತಡ ಮಾತ್ರ ಮಾಡಬೇಡಿ” ಅಂದರು. ಆ ಮಾತು ಕೇಳಿ ನನಗೆ ಉಸಿರು ಬಂತು.

ಶಿವಣ್ಣನವರೇ, ಅವಳ ಬಾಯಿ ಕಟ್ಟಿದವಳು ನಾನೇ. ಕೋಪವಿದ್ದರೆ ನನ್ನ ಮೇಲಿರಲಿ.

ಸಾವಿತ್ರಿ, ಕ್ಷಮಿಸು ಎನ್ನುವ ಮುಖ ನನಗಿಲ್ಲ. ಅಡ್ಡಿಕೆ ನನ್ನ ಹತ್ತಿರವೇ ಇದೆ, ಇನ್ನು ಕೊಡುವುದಿಲ್ಲ. ಸೋಮವಾರ ಬೆಳಗ್ಗೆ ಚೀಟಿ ಹಿಡಿದು ಹೊಳೆನರಸೀಪುರದ ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತಿರುತ್ತೇನೆ. ಬೈಯುವುದಿದ್ದರೆ ದಾರಿಯುದ್ದಕ್ಕೂ ಬೈ — ಬೆಂಗಳೂರಿನವರೆಗೂ ನಿನ್ನ ಪಕ್ಕದಲ್ಲೇ ಕೂತಿರುತ್ತೇನೆ.