ಯುಸ್ಲಿನಾರ್ ಮುಟ್ಟಿದ ನಾಯಿ

ಯುಸ್ಲಿನಾರ್ ಹೆಂಗಸರ ನಮಾಜಿನ ಬಿಳಿ ಬಟ್ಟೆಗಳಿಗೆ ಕಸೂತಿ ಹಾಕುತ್ತಿದ್ದಳು. ಪಾಯಕುಂಬು ಊರಿನ ಪೇಟೆಯಲ್ಲಿ ಅವಳ ಬಳ್ಳಿಹೂವೆಂದರೆ ಕೇಳಿ ಪಡೆಯುವವರಿದ್ದರು. ಮನೆ ಅವಳ ತಾಯಿಯಿಂದ ಬಂದದ್ದು. ಅವರ ಕಡೆ ಮದುವೆಯಾದ ಗಂಡಸೇ ಹೆಂಡತಿಯ ಮನೆ ಸೇರುತ್ತಾನೆ. ಗಂಡ ದಾರ್ವಿಲಿಸ್ ವಾರವಿಡೀ ತರಕಾರಿ ಲಾರಿ ಓಡಿಸುತ್ತಿದ್ದ. ಭಾನುವಾರ ಬಂತೆಂದರೆ ಊರ ಗಂಡಸರ ಜೊತೆ ಹಂದಿ ಬೇಟೆ. ಹಂದಿಯನ್ನು ಅವರಾರೂ ತಿನ್ನುವವರಲ್ಲ. ಹೊಲದ ಗೆಣಸು ಉಳಿಯಲಿ ಎನ್ನುವುದು ನೆಪ, ಮಿಕ್ಕಿದ್ದೆಲ್ಲ ಹುಚ್ಚು.

ಬೇಟೆಗೆಂದೇ ಅವನು ಕುಂಬಾಂಗ್ ಎಂಬ ಕರಿನಾಯಿ ಸಾಕಿದ್ದ. ಅವರ ಮತದ ಕಟ್ಟಳೆಯಂತೆ ನಾಯಿಯ ಒದ್ದೆ ಮೂತಿ ತಾಗಿದರೆ ಏಳು ಸಲ ತೊಳೆದುಕೊಳ್ಳಬೇಕು, ಅದರಲ್ಲೊಂದು ಸಲ ಮಣ್ಣು ಹಚ್ಚಿ. ಹಾಗಾಗಿ ಗೂಡು ಬಾವಿಯಾಚೆ ಇತ್ತು. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಯುಸ್ಲಿನಾರ್ ಅವನ ಯಾವ ನಾಯಿಯನ್ನೂ ಮುಟ್ಟಿರಲಿಲ್ಲ.

ಒಂದು ಭಾನುವಾರ ಮಧ್ಯಾಹ್ನವೇ ದಾರ್ವಿಲಿಸ್ ನಾಯಿಯನ್ನು ಎತ್ತಿಕೊಂಡು ಬಂದ. ಯಾವುದೋ ಹೊಲದ ಬೇಲಿಯ ತಗಡು ಮುಂಗಾಲಿನ ಅಡಿಯ ಮೆತ್ತೆಯನ್ನು ಸೀಳಿತ್ತು, ಚರ್ಮ ನೇತಾಡುತ್ತಿತ್ತು.

"ಪೇಟೆಯ ದನದ ಡಾಕ್ಟರು ಮದುವೆಗೆ ಹೋಗಿದಾರಂತೆ, ನಾಳೆ ಬರ್ತಾರಂತೆ. ಯುಸ್, ನಿನ್ನ ಸೂಜಿ ಕೊಡು."

"ಯಾರು ಹೊಲಿಯೋದು?"

"ನಾನೇ."

"ನಿಮ್ಮ ಅಂಗಿ ಗುಂಡಿ ಹೊಲಿಯೋಕೆ ನಾನು ಬೇಕು. ನಾಯಿ ಕಾಲು ಹೊಲೀತಾರಂತೆ!"

ಅವಳು ಕೊಟ್ಟ ಸೂಜಿಗೆ ಅವನು ಎರಡು ಸಲ ದಾರ ಪೋಣಿಸಲು ನೋಡಿದ. ಎರಡು ಸಲವೂ ದಾರ ಸೂಜಿಯ ಪಕ್ಕಕ್ಕೇ ಹೋಯಿತು. ಯುಸ್ಲಿನಾರ್ ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದಳು. ನಾಯಿ ಬೊಗಳಲಿಲ್ಲ, ಕಾಲನ್ನು ಮಾತ್ರ ಎದೆಗೊತ್ತಿಕೊಂಡಿತ್ತು.

"ಈಚೆ ಕೊಡಿ," ಎಂದಳು. "ಮೂತಿ ಭದ್ರವಾಗಿ ಕಟ್ಟಿ. ನನ್ನ ಕಡೆ ತಿರುಗಬಾರದು."

ವೀಳ್ಯದೆಲೆ ಕುದಿಸಿದ ನೀರಲ್ಲಿ ಗಾಯ ತೊಳೆದಳು. ಸೂಜಿ, ರೇಷ್ಮೆ ದಾರ ಎರಡನ್ನೂ ಕುದಿಸಿಕೊಂಡಳು. ಬೇಲಿಯಾಚೆಯಿಂದ ಪಕ್ಕದ ಮನೆಯ ಎರ್ನಾವತಿ ಇಣುಕಿದಳು.

"ಅಯ್ಯೋ ಯುಸ್ ಅಕ್ಕಾ, ಇನ್ಮೇಲೆ ನಾಯಿಗೂ ಕಸೂತೀನಾ?"

"ನಿನ್ನ ಬಾಯಿಗೂ ನಾಕು ಹೊಲಿಗೆ ಹಾಕ್ತೀನಿ, ಬಾ."

ಮೆತ್ತೆಯ ಚರ್ಮ ಅವಳು ಎಣಿಸಿದ್ದಕ್ಕಿಂತ ಗಟ್ಟಿಯಾಗಿತ್ತು. ಒಂಬತ್ತು ಹೊಲಿಗೆ ಹಾಕುವಷ್ಟರಲ್ಲಿ ಬೆರಳು ಜೋಮು ಹಿಡಿಯಿತು. ಆಮೇಲೆ ಕೈಗೆ ಮಣ್ಣು ಹಚ್ಚಿ ಮೊಣಕೈವರೆಗೆ ಏಳು ಸಲ ತೊಳೆದಳು; ನಮಾಜಿನ ಬಟ್ಟೆಗೆ ಇನ್ನಾಗದ ಆ ಸೂಜಿಯನ್ನು ಹಿತ್ತಲಲ್ಲಿ ಹೂತಳು.

ಮರುದಿನ ಡಾಕ್ಟರು ಬಂದು ಇಂಜೆಕ್ಷನ್ ಕೊಟ್ಟರು. "ಹೊಲಿಗೆ ಚೆನ್ನಾಗಿದೆ, ಬಿಚ್ಚಿ ಮತ್ತೆ ಹಾಕೋದು ಬೇಡ. ದಿನಾ ಪಟ್ಟಿ ಬದಲಾಯಿಸಿ," ಎಂದರು. ದಾರ್ವಿಲಿಸ್ ಲಾರಿ ಹತ್ತಿ ಹೋದ. ಪಟ್ಟಿ ಅವಳ ಪಾಲಿಗೆ ಬಂತು. ಹನ್ನೊಂದು ದಿನ ಪಟ್ಟಿ, ಹನ್ನೊಂದು ದಿನ ಮಣ್ಣು. ಒಂದು ದಿನ ಎಲ್ಲ ತೊಳೆದು ಮುಗಿಸಿ ನಿಂತಾಗ ನಾಯಿ ಹಿಂದಿನಿಂದ ಬಂದು ಮಣಿಕಟ್ಟು ನೆಕ್ಕಿತು. ಅವಳಿಗೆ ಸಿಟ್ಟು ಬಂತು, ಜೊತೆಗೆ ನಗುವೂ. ಮತ್ತೆ ಬಾವಿಗೆ ಹೋದಳು.

ಗಾಯ ಮಾಯಿತು, ಆದರೆ ಒಂದು ಬೆರಳು ನೆಲ ಮುಟ್ಟಲಿಲ್ಲ. ಬೇಟೆಗೆ ಆಗದ ನಾಯಿಯನ್ನು ದಾರ್ವಿಲಿಸ್ ಗುಡ್ಡದ ಮೇಲಿದ್ದ ತನ್ನ ಅಣ್ಣನ ಮೆಣಸಿನಕಾಯಿ ತೋಟದ ಕಾವಲಿಗೆ ಬಿಟ್ಟುಬಂದ. ಯುಸ್ಲಿನಾರ್ ಬೇಡವೆನ್ನಲಿಲ್ಲ. ಒಂದೆರಡು ದಿನ ಬೆಳಿಗ್ಗೆ ಎದ್ದವಳೇ ಪಟ್ಟಿಯ ಬಟ್ಟೆ ಹುಡುಕಿದಳು, ಅಷ್ಟೇ.

ಮಳೆ ನಿಂತ ಮೇಲೆ ಇಬ್ಬರೂ ಆ ತೋಟಕ್ಕೆ ಹೋದರು. ಕುಂಬಾಂಗ್ ಓಡಿ ಬಂದು ಅವಳಿಂದ ಎರಡು ಮಾರು ದೂರದಲ್ಲಿ ನಿಂತಿತು. ಅವಳು ನಿಂತಲ್ಲಿಂದಲೇ ಬಗ್ಗಿ ಕಾಲು ನೋಡಿದಳು.

"ಎಡಗಡೆ ಹೊಲಿಗೆ ಸ್ವಲ್ಪ ಬಿಗಿಯಾಗೋಯ್ತು. ಅದಕ್ಕೇ ಬೆರಳು ಎಳಕೊಂಡಿದೆ."

"ನಾಯಿ ಕಾಲು ತಾನೇ, ಯಾರು ನೋಡ್ತಾರೆ ಬಿಡು," ಎಂದ ದಾರ್ವಿಲಿಸ್.

ಅವಳು ಬುತ್ತಿ ಬಿಚ್ಚಿ ಮೊದಲ ತುತ್ತನ್ನು ಎಲೆಯ ಮೇಲಿಟ್ಟು ನಾಯಿಯ ಕಡೆಗೆ ಸರಿಸಿದಳು. ಅದು ತಿಂದು ಮುಗಿಸುವತನಕ ಕಾದು ತಾನೂ ಊಟಕ್ಕೆ ಕೂತಳು.